ಹದಿನೇಳನೇ ಕಂಪ್ಯೂಟರಿನ ಓಬಕ್ಕ

ಬೆಳಗಿನ ಐದೂಮುಕ್ಕಾಲು. ಆಂಧ್ರದ ಗಡಿಯೂರು ರಾಯದುರ್ಗದ ಕೋಟೆ ಗುಡ್ಡದ ನೆತ್ತಿಗೆ ಬಿಸಿಲು ಇನ್ನೂ ತಾಗಿಲ್ಲ. ಗುಡ್ಡದ ಕೆಳಗಿನ ಡಿಗ್ರಿ ಕಾಲೇಜಿನ ಮೊದಲ ಮಹಡಿಯಲ್ಲಿ ಒಂದು ಕೋಣೆಯ ದೀಪ ಮಾತ್ರ ಹೊತ್ತಿದೆ. ಒಳಗೆ ಮೂವತ್ತೊಂಬತ್ತರ ಓಬಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಧೂಳೇಳದ ಹಾಗೆ ಒದ್ದೆ ಬಟ್ಟೆಯಿಂದ ನೆಲ ಒರೆಸುತ್ತಿದ್ದಾರೆ. ಕಂಪ್ಯೂಟರ್ ಲ್ಯಾಬಿಗೆ ಪೊರಕೆ ತರಕೂಡದು ಎಂಬುದು ಅವರು ತಾವೇ ಮಾಡಿಕೊಂಡ ಕಾನೂನು. ನೆಲದ ನಂತರ ಪರದೆಗಳ ಸರದಿ. ಅವಕ್ಕೆ ಹಳೆಯ ಜೀನ್ಸಿನ ಮೆತ್ತನೆಯ ತುಂಡು.

ಲ್ಯಾಬಿನಲ್ಲಿ ಇಪ್ಪತ್ನಾಲ್ಕು ಕಂಪ್ಯೂಟರುಗಳಿವೆ, ನಡೆಯುವುದು ಇಪ್ಪತ್ತೊಂದು. ಎರಡನೆಯದರಲ್ಲಿ ಒಂದು ಸಲ ಒತ್ತಿದ ಅಕ್ಷರ ಎರಡು ಸಲ ಮೂಡುತ್ತದೆ. ಒಂಬತ್ತನೆಯದನ್ನು ಚಾಲೂ ಮಾಡಿದ ಮೇಲೆ ಬದಿಗೆ ಒಮ್ಮೆ ತಟ್ಟಬೇಕು. ಕಿಟಕಿ ಪಕ್ಕದ ಸಾಲಿಗೆ ಯುಪಿಎಸ್‌ನ ಹಳೆಯ ಬ್ಯಾಟರಿ. ಕರೆಂಟು ಹೋದರೆ ನಾಲ್ಕು ನಿಮಿಷವಷ್ಟೇ ಅದರ ಆಯುಷ್ಯ. ಇದೆಲ್ಲ ಯಾವ ರಿಜಿಸ್ಟರಿನಲ್ಲೂ ಇಲ್ಲ, ಓಬಕ್ಕನವರ ತಲೆಯಲ್ಲಿದೆ. ಒಂದೊಂದನ್ನೇ ಚಾಲೂ ಮಾಡುತ್ತ ಬರುವ ಅವರು ಇವತ್ತು ಹದಿನೇಳನೆಯದರ ಮುಂದೆ ನಿಲ್ಲುತ್ತಾರೆ. ಆ ಮೇಜಿಗೆ ಆಫೀಸಿನವರು ನಿನ್ನೆ ಸಂಜೆ ಒಂದು ನಂಬರಿನ ಚೀಟಿ ಅಂಟಿಸಿ ಹೋಗಿದ್ದಾರೆ. ಅದೇ ನಂಬರಿನ ಹಾಲ್ ಟಿಕೆಟ್ಟು ಅವರ ಚೀಲದಲ್ಲಿದೆ.

ಇನ್ನು ನಾಲ್ಕು ತಾಸಿಗೆ, ತಾವೇ ಒರೆಸಿದ ಈ ಕೋಣೆಯಲ್ಲಿ ಓಬಕ್ಕ ಪರೀಕ್ಷೆಗೆ ಕೂರಬೇಕು. ವಿಷಯ: ಜಾವಾ ಮೂಲಕ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್, ಪ್ರಾಕ್ಟಿಕಲ್. ಇದೇ ವಿಷಯದಲ್ಲಿ ಎರಡು ಸಲ ಫೇಲಾಗಿದ್ದಾರೆ. ಇದು ಮೂರನೆಯ ಪ್ರಯತ್ನ.

ಆರೂವರೆಗೆ ಮೌನಿಕಾ ಬರುತ್ತಾಳೆ. ಎರಡನೇ ವರ್ಷದ ಹುಡುಗಿ. ಕುರಿ ಸಾಕುವ ಮನೆಯವಳು. ಊರಿನ ಮೊದಲ ಬಸ್ಸು ಬಿಟ್ಟರೆ ಮುಂದಿನದು ಒಂಬತ್ತಕ್ಕಾದ್ದರಿಂದ ದಿನವೂ ಇಷ್ಟು ಬೇಗ ಬಂದು ಲ್ಯಾಬಿನಲ್ಲಿ ಕೂರುತ್ತಾಳೆ.

"ಅಕ್ಕಾ, ಮತ್ತ ಕೆಂಪು ಗೆರಿ ಬಂತು ನೋಡು."

ಓಬಕ್ಕ ಬಗ್ಗಿ ನೋಡುತ್ತಾರೆ. "ಮುಚ್ಚಿದ ಬ್ರಾಕೆಟ್ ಎಲ್ಲೈತಿ? ತೆರೆದಾಕಿ ಮುಚ್ಚಬೇಕಿಲ್ಲೇನು? ಕುರಿ ದೊಡ್ಡಿ ಬಾಗಿಲಾನೂ ಹಿಂಗ ಬಿಟ್ಟು ಬರ್ತಿ ಏನವ್ವಾ?"

"ಇವತ್ತು ನಿನ್ ಪರೀಕ್ಷೆ ಐತಿ, ನನಗ ಹೇಳ್ಕೋಂತ ನಿಂತೀಯಲ್ಲ! ಹೋಗಿ ಓದ್ಕೋ ಅಕ್ಕಾ."

"ಓದಿದ್ದು ಎರಡು ಸಲ ಸಾಕಾಗೇತಿ," ಎನ್ನುತ್ತಾರೆ ಓಬಕ್ಕ. ನಗು ಮುಖದಲ್ಲಿದೆ, ದನಿಯಲ್ಲಿಲ್ಲ.

ಹೆದರಿಕೆಗೆ ಕಾರಣವಿದೆ. ಲ್ಯಾಬ್ ಅಸಿಸ್ಟೆಂಟ್ ಹುದ್ದೆ ಎರಡು ವರ್ಷದಿಂದ ಖಾಲಿ. ಆ ಕೆಲಸವನ್ನೆಲ್ಲ ಅಟೆಂಡರ್ ಓಬಕ್ಕನೇ ಮಾಡುತ್ತಿದ್ದಾರೆ ಎಂಬುದು ಕಾಲೇಜಿಗೆಲ್ಲ ಗೊತ್ತು. ಆದರೆ ಹುದ್ದೆಗೆ ಕಂಪ್ಯೂಟರ್ ವಿಷಯದ ಡಿಗ್ರಿ ಬೇಕು. ಓಪನ್ ಯೂನಿವರ್ಸಿಟಿಯಲ್ಲಿ ನಾಲ್ಕು ವರ್ಷ ಭಾನುವಾರಗಳನ್ನು ಸುರಿದು ಓಬಕ್ಕ ಎಲ್ಲ ವಿಷಯ ಮುಗಿಸಿದ್ದಾರೆ, ಇದೊಂದರ ಹೊರತು. ಜೂನ್ ಮೂವತ್ತರೊಳಗೆ ಪಾಸಾದ ಕಾಗದ ತಂದರೆ ಹುದ್ದೆ ಅವರದು. ತಾರದಿದ್ದರೆ ಜುಲೈ ಒಂದಕ್ಕೆ ಹೊರಗಿನವರನ್ನು ತೆಗೆದುಕೊಳ್ಳುವುದೆಂದು ಆಡಳಿತ ಮಂಡಳಿ ಬರೆದಿಟ್ಟಿದೆ. ಇಂದಿನದು ತಪ್ಪಿದರೆ ಮತ್ತೊಂದು ಪರೀಕ್ಷೆ ಇರುವುದು ನವೆಂಬರಿನಲ್ಲಿ.

ಓಬಕ್ಕ ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿದವರು. ಇಂಟರ್, ಅಂದರೆ ಅಲ್ಲಿನ ಪಿಯುಸಿ, ಮುಗಿದ ವರ್ಷ ಮದುವೆ. ಗಂಡ ರಾಮಾಂಜಿ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಮಷಿನ್ ತುಳಿಯುವವರು. ಹೆಂಡತಿಯೂ ಅಲ್ಲೇ ಕಟಿಂಗ್ ಟೇಬಲ್ಲಿಗೆ ಸೇರಿದರು. ಹನ್ನೊಂದು ವರ್ಷ ದಿನಕ್ಕೆ ಒಂಬತ್ತು ತಾಸು ನಿಂತೇ ದುಡಿದರು. ಕೊರೊನಾ ಕಾಲದಲ್ಲಿ ಯೂನಿಟ್ಟು ಮುಚ್ಚಿತು. ಕಾಲೇಜಿನಲ್ಲಿ ಅಟೆಂಡರ್ ಕೆಲಸ ಸಿಕ್ಕಿತು. ಲ್ಯಾಬಿನ ಬಾಗಿಲಲ್ಲಿ ಒಂದು ಸ್ಟೂಲು, ಒಳಗೆ ಪಾಠ. ಕಿವಿ ಮುಚ್ಚಿಕೊಳ್ಳುವುದು ಹೇಗೆ?

"ಮೊದಲ ವರ್ಷ ಏನೂ ತಿಳೀಲಿಲ್ರಿ," ಎನ್ನುತ್ತಾರೆ. "ಪುಸ್ತಕ ಇಂಗ್ಲಿಷು, ಪಾಠ ತೆಲುಗು, ನನ್ ತಲಿ ಕನ್ನಡ. ಮೂರೂ ಒಂದ್ ಕಡಿ ಕೂಡಾದಕ್ಕ ಎರಡು ವರ್ಷ ಹಿಡೀತು. ಕೂಡಿದ ಮ್ಯಾಲ ಮಜಾ ಬಂತ್ರಿ."

ಆ ಮಜಾ ಈಗ ಉದ್ದ ಗೆರೆಯ ಒಂದು ನೋಟ್‌ಬುಕ್ಕಿನಲ್ಲಿದೆ. ಎಡಪುಟದಲ್ಲಿ ಪುಸ್ತಕದ ಇಂಗ್ಲಿಷು, ಬಲಪುಟದಲ್ಲಿ ಓಬಕ್ಕನವರ ಕನ್ನಡ. ಗಡಿಯ ಹಳ್ಳಿಗಳ ಕನ್ನಡ ಶಾಲೆಗಳಿಂದ ಬಂದ ಮಕ್ಕಳು ಅದರ ಜೆರಾಕ್ಸ್ ಇಟ್ಟುಕೊಂಡೇ ಪಾಸಾಗುತ್ತಾರೆ. ಕಳೆದ ವರ್ಷ ಮೂವತ್ನಾಲ್ಕು ಮಂದಿ ಪಾಸಾದರು. ಬರೆದವರು ಫೇಲಾದರು.

ಮನೆಯಲ್ಲಿ ಅತ್ತೆ ದುರುಗಕ್ಕ ಬಿಡುವವರಲ್ಲ. ನೆಂಟರು ಬಂದರೆ ಸೊಸೆಯನ್ನು ಪರಿಚಯಿಸುವ ರೀತಿಯೇ ಬೇರೆ: "ನಮ್ ಸೊಸಿ ಕಾಲೇಜಿನಾಗ ಎಲ್ಲಾರ್ನೂ ಪಾಸ್ ಮಾಡಿಸ್ತಾಳವ್ವಾ, ತನ್ನೊಬ್ಬಾಕಿನ್ ಬಿಟ್ಟು." ಹಾಗೆ ಅಂದವರೇ ಭಾನುವಾರದ ರೊಟ್ಟಿ ತಟ್ಟಿ, ಸೊಸೆಯನ್ನು ಪಾಠಕ್ಕೆ ಕಳಿಸಿದ್ದಾರೆ. ನಾಲ್ಕು ವರ್ಷ ಒಂದು ಭಾನುವಾರವೂ ತಪ್ಪಿಲ್ಲ.

ಇಷ್ಟು ಬಲ್ಲವರು ಎರಡು ಸಲ ಸೋತದ್ದು ಹೇಗೆ? ಸ್ವತಃ ಓಬಕ್ಕನವರಿಗೆ ಅದು ಒಗಟು. ಎರಡು ಸಲವೂ ಅವರ ಪ್ರೋಗ್ರಾಂ ಓಡಿತ್ತು. ಪರದೆಯ ಮೇಲೆ ಬಂದ ಉತ್ತರ ಸರಿಯಾಗಿತ್ತು. ಆದರೂ ಫೇಲು.

ಒಗಟಿನ ಗಂಟು ಇರುವುದು ಕಟಿಂಗ್ ಟೇಬಲ್ಲಿನ ಮೇಲೆ. ಜೀನ್ಸ್ ಯೂನಿಟ್ಟಿನಲ್ಲಿ ಪ್ರತಿ ಅಳತೆಗೂ ಒಂದು ರಟ್ಟು. ಇಪ್ಪತ್ತೆಂಟಕ್ಕೆ ಒಂದು, ಮೂವತ್ತಕ್ಕೆ ಒಂದು, ಮೂವತ್ತೆರಡಕ್ಕೆ ಮತ್ತೊಂದು. ರಟ್ಟನ್ನು ಬಟ್ಟೆಯ ಮೇಲಿಟ್ಟು ಸುತ್ತ ಸೀಮೆಸುಣ್ಣದ ಗೆರೆ ಎಳೆದು ಕತ್ತರಿಸುವುದು ಕ್ರಮ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಓಬಕ್ಕ ಮೂವತ್ತೆರಡರ ರಟ್ಟು ಇಟ್ಟುಕೊಂಡೇ ಮೂವತ್ನಾಲ್ಕರ ಆರ್ಡರಿಗೆ ಗೆರೆ ಎಳೆದುಬಿಟ್ಟರು. ಒಂದರ ಮೇಲೊಂದು ಹಾಸಿದ ಅರವತ್ತು ಪದರ ಬಟ್ಟೆ ಒಂದೇ ಏಟಿಗೆ ಹಾಳಾಯಿತು. ಕಟಿಂಗ್ ಮಾಸ್ಟರ್ ಹುಲುಗಪ್ಪ ಬೈಯಲಿಲ್ಲ. ಕರೆದು ಟೇಬಲ್ಲಿನ ಮೇಲೆ ಕೈ ಇರಿಸಿ, "ಒಂದು ಅಳತಿಗೆ ಒಂದು ರಟ್ಟು. ಹೇಳವ್ವಾ," ಎಂದರು. ಓಬಕ್ಕ ಹೇಳಿದರು. ಮುಂದಿನ ಹನ್ನೊಂದು ವರ್ಷ ಆ ಮಾತನ್ನು ಕೈಯೇ ನೆನಪಿಟ್ಟುಕೊಂಡಿತು.

ಇತ್ತ ಲ್ಯಾಬಿನಲ್ಲಿ ಉಪನ್ಯಾಸಕಿ ಮೀನಾಕ್ಷಿ ಪಾಠ ಮಾಡುತ್ತಾರೆ. ಜಾವಾದಲ್ಲಿ ಒಂದು ವಸ್ತು ಹೇಗಿರಬೇಕೆಂದು ಬರೆದಿಡುವ ವಿವರಣೆಗೆ ಕ್ಲಾಸ್ ಎಂದು ಹೆಸರು. ಆ ವಿವರಣೆಯಂತೆ ಹುಟ್ಟುವ ಒಂದೊಂದು ವಸ್ತುವೂ ಆಬ್ಜೆಕ್ಟ್. ಬಾಗಿಲಲ್ಲಿ ಕುಳಿತ ಓಬಕ್ಕನವರಿಗೂ ತಿಳಿಯಲೆಂದು ಮೀನಾಕ್ಷಿ ಒಂದು ದಿನ ಅತ್ತ ತಿರುಗಿ ಹೇಳಿದರು: "ಓಬಕ್ಕ, ಕ್ಲಾಸ್ ಅಂದ್ರ ನಿಮ್ಮ ರಟ್ಟು. ಆಬ್ಜೆಕ್ಟ್ ಅಂದ್ರ ಅದರ ಮ್ಯಾಲೆ ಕತ್ತರಿಸಿ ಹೊಲಿದ ಪ್ಯಾಂಟು. ಅಷ್ಟ."

ಅಂದು ಓಬಕ್ಕನವರಿಗೆ ಬೆಳಕು ಹರಿದಂತಾಯಿತು. ಅದೇ ಬೆಳಕು ದಾರಿ ತಪ್ಪಿಸಿತು. ರಟ್ಟು ಎಂದಮೇಲೆ ಅಳತೆಗೊಂದು ಇರಲೇಬೇಕಲ್ಲ! ಪರೀಕ್ಷೆಯಲ್ಲಿ ಐದು ಬಗೆಯ ವಸ್ತು ಕೇಳಿದರೆ ಓಬಕ್ಕ ಐದು ಕ್ಲಾಸ್ ಬರೆದರು. ಅಂಕಿಗಳ ಹೊರತು ಐದೂ ಅಕ್ಷರಕ್ಕೆ ಅಕ್ಷರ ಒಂದೇ. ಉತ್ತರವೇನೋ ಸರಿಯೇ ಬಂತು. ಆದರೆ ಈ ವಿಷಯ ಕಲಿಸಲು ಹೊರಟಿರುವುದೇ ಹಾಗೆ ಬರೆಯದಿರುವುದನ್ನು. ವಿನ್ಯಾಸಕ್ಕೆ ಮೀಸಲಾದ ಅಂಕಗಳಲ್ಲಿ ಸೊನ್ನೆ ಬಿತ್ತು. ಎರಡು ಸಲವೂ.

"ಉದಾಹರಣೆ ಕೊಟ್ಟು ಕೆಡಿಸಿದಾಕಿ ನಾನ," ಎಂದು ಮೀನಾಕ್ಷಿ ಈಗ ಕೈ ಚೆಲ್ಲುತ್ತಾರೆ. "ಉತ್ತರಪತ್ರಿಕೆ ನನ್ನ ಕಣ್ಣಿಗೆ ಬೀಳಂಗಿಲ್ಲ. ಕೇಳಿದಾಗೆಲ್ಲ ವ್ಯಾಖ್ಯೆ ಬಾಯಿಪಾಠ ಒಪ್ಪಿಸ್ತಿದ್ರು. ಎಲ್ಲಿ ತಪ್ತಾರ ಅಂತ ನನಗೂ ಗೊತ್ತಾಗ್ಲಿಲ್ಲ."

ಅಂದರೆ, ಮೂರನೇ ಪರೀಕ್ಷೆಯ ಈ ಬೆಳಗಿನಲ್ಲಿ ಓಬಕ್ಕನವರಿಗೆ ತಮ್ಮ ತಪ್ಪು ಏನೆಂದು ಇನ್ನೂ ತಿಳಿದಿಲ್ಲ.

ಒಂಬತ್ತೂವರೆಗೆ ಹೊರಗಿನ ಪರೀಕ್ಷಕರು ಬರುತ್ತಾರೆ. ಮಡಕಶಿರಾದ ಕಾಲೇಜಿನ ಸಿದ್ದರಾಮೇಶ್. ಕೋಳಿ ಕೂಗುವ ಮೊದಲೇ ಮಡಕಶಿರಾ ಬಿಟ್ಟು ಎರಡು ಬಸ್ಸು ಬದಲಿಸಿದ ಆಯಾಸ ಮುಖದ ಮೇಲಿದೆ. ಮೇಜು ಒರೆಸುತ್ತಿದ್ದ ಹೆಂಗಸನ್ನು ಕಂಡು, "ಅಮ್ಮಾ, ಒಸಿ ನೀರ್ ಕೊಡಮ್ಮ. ಆ ಫ್ಯಾನೂ ಹಾಕು," ಎನ್ನುತ್ತಾರೆ. ಓಬಕ್ಕ ನೀರು ಕೊಡುತ್ತಾರೆ, ಫ್ಯಾನು ಹಾಕುತ್ತಾರೆ. ಆಮೇಲೆ ಕೈ ತೊಳೆದು ಬಂದು, ಹಾಲ್ ಟಿಕೆಟ್ಟು ಮುಂದಿಟ್ಟುಕೊಂಡು ಹದಿನೇಳನೆಯದರ ಎದುರು ಕೂರುತ್ತಾರೆ. ಸಿದ್ದರಾಮೇಶ್ ಲೋಟ ಹಿಡಿದೇ ನೋಡುತ್ತಾರೆ.

ಅಭ್ಯರ್ಥಿಗಳು ಇಪ್ಪತ್ತು ಮಂದಿ. ಕಿಟಕಿಯ ಸಾಲಿನಲ್ಲಿ ಏಳು. ಪ್ರಶ್ನೆ ಚೀಟಿ ಹಂಚುವ ಮೊದಲು ಓಬಕ್ಕ ತಮ್ಮ ಸಾಲಿನ ಆರು ಮಂದಿಗೂ ಪಿಸುಗುಟ್ಟುತ್ತಾರೆ: "ಐದೈದು ನಿಮಿಷಕ್ಕ ಸೇವ್ ಮಾಡ್ಕೋತ ಇರ್ರಿ. ಈ ಸಾಲಿನ ಬ್ಯಾಟರಿ ನಂಬಬ್ಯಾಡ್ರಿ."

ಹತ್ತು ಗಂಟೆ. ಚೀಟಿ ತೆರೆದರೆ: ಒಂದು ಅಂಗಡಿಯಲ್ಲಿ ಐದು ಅಳತೆಯ, ದುಂಡನೆಯ ನೀರಿನ ಟ್ಯಾಂಕುಗಳಿವೆ. ಪ್ರತಿಯೊಂದರ ಎತ್ತರ, ಅಗಲ ಬೇರೆ. ಒಂದೊಂದರಲ್ಲೂ ಎಷ್ಟು ನೀರು ಹಿಡಿಯುತ್ತದೆಂದು ಹೇಳುವ ಪ್ರೋಗ್ರಾಂ ಬರೆಯಿರಿ.

ಐದು ಅಳತೆ! ಕೈ ತಾನಾಗಿ ಹೊರಡುತ್ತದೆ. ಒಂದನೇ ಟ್ಯಾಂಕಿಗೆ ಒಂದು ಕ್ಲಾಸ್, ಎರಡನೆಯದಕ್ಕೆ ಒಂದು. ಓಬಕ್ಕನವರದು ಎರಡು ಬೆರಳಿನ ಟೈಪಿಂಗು. ಹನ್ನೊಂದೂಮುಕ್ಕಾಲಿಗೆ ಅವರು ನಾಲ್ಕನೆಯದರ ಅರ್ಧದಲ್ಲಿದ್ದಾರೆ. ಮೂರನೇ ಸಲದ ಸೋಲಿಗೆ ಒಂದೂವರೆ ಕ್ಲಾಸಷ್ಟೇ ಬಾಕಿ. ಆಗ ಫ್ಯಾನು ನಿಲ್ಲುತ್ತದೆ.

ಏಪ್ರಿಲಿನ ಬಿಸಿಲಿಗೆ ಕರೆಂಟು ಹೋಗಿದೆ. ಯುಪಿಎಸ್ ಕೂಗತೊಡಗುತ್ತದೆ. ಇವತ್ತಿನ ಮಟ್ಟಿಗೆ ಲ್ಯಾಬು ನೋಡಿಕೊಳ್ಳಲು ಆಫೀಸಿನ ಅಟೆಂಡರ್ ಓಬಣ್ಣನನ್ನು ಹಾಕಿದ್ದಾರೆ. ಆತ ಹಿತ್ತಿಲಿನ ಜನರೇಟರಿಗೆ ಓಡುತ್ತಾನೆ, ಮರಳಿ ಬಂದು ಬಾಗಿಲಲ್ಲಿ ಮುಖ ತೋರಿಸುತ್ತಾನೆ. "ಶುರು ಆಗಿ ಆಫ್ ಆಗಾಕತ್ತೇತ್ರಿ ಮೇಡಂ. ನನಗ ತಿಳೀವಲ್ದು."

ಓಬಕ್ಕನವರಿಗೆ ತಿಳಿದಿದೆ. ಮೊದಲು ಆಫೀಸಿನ ಎ.ಸಿ., ಕೆಳಗಿನ ಸಾಲು ಫ್ಯಾನುಗಳು, ಮೋಟರಿನ ಸ್ವಿಚ್ಚು ಎಲ್ಲ ಇಳಿಸಬೇಕು. ಡೀಸೆಲ್ ಪೈಪಿನ ಗಾಳಿ ಬಿಡಬೇಕು. ಆಮೇಲಷ್ಟೇ ಅದು ಭಾರ ಹೊರುತ್ತದೆ. ಅವರು ಎದ್ದು ನಿಲ್ಲುತ್ತಾರೆ.

"ಕೂತ್ಕಳಮ್ಮ," ಎನ್ನುತ್ತಾರೆ ಸಿದ್ದರಾಮೇಶ್. "ಪರೀಕ್ಷೆಯಿಂದ ಎದ್ದೋದೋರ್ನ ಮತ್ತೆ ಒಳೀಕೆ ಬಿಡೋಂಗಿಲ್ಲ."

"ಸಾರ್, ಇನ್ನ ಹತ್ತು ನಿಮಿಷಕ್ಕ ಎಲ್ಲಾವೂ ಆರ್ತಾವ್ರಿ."

ಮೇಲ್ವಿಚಾರಣೆಗಿದ್ದ ಮೀನಾಕ್ಷಿ ತಗ್ಗಿದ ದನಿಯಲ್ಲಿ ತೆಲುಗಿನಲ್ಲಿ ವಿವರಿಸುತ್ತಾರೆ. ಸಿದ್ದರಾಮೇಶ್ ಒಂದು ಕ್ಷಣ ಗಡಿಯಾರ ನೋಡುತ್ತಾರೆ. "ಹೋಗ್ ಬಾ. ಓಬಣ್ಣ ಜೊತೇಲಿರ್ಲಿ, ಯಾರ ತಾವೂ ಮಾತಾಡ್ಬೇಡ. ಆದ್ರೆ ಟೈಮ್ ಮಾತ್ರ ಕೊಡಕಾಗಲ್ಲ ಕಣಮ್ಮ. ಒಂದ್ ಗಂಟೆಗೆ ಮುಗೀತು ಅಂದ್ರೆ ಮುಗೀತು."

ಎಂಟನೇ ನಿಮಿಷಕ್ಕೆ ಜನರೇಟರು ಕೆಮ್ಮಿ ಎದ್ದಿತು. ಆದರೆ ಅದರ ಬಳಿಯಿಂದ ಕೂಡಲೇ ಬರುವಂತಿರಲಿಲ್ಲ, ಕೈಬಿಟ್ಟರೆ ನಿಲ್ಲುತ್ತಿತ್ತು. ಅದು ಸರಿದಾರಿಗೆ ಬಂದು, ಓಬಕ್ಕ ಕೈಯ ಡೀಸೆಲ್ಲನ್ನು ಸೋಪು ಹಚ್ಚಿ ತೊಳೆದು ಮೇಲೆ ಬಂದಾಗ ಹನ್ನೆರಡೂಕಾಲು. ಒಳಸಾಲಿನ ಹದಿಮೂರು ಕಂಪ್ಯೂಟರುಗಳು ಆರಿರಲೇ ಇಲ್ಲ. ಕಿಟಕಿ ಸಾಲಿನವು ನಾಲ್ಕನೇ ನಿಮಿಷಕ್ಕೆ ಸತ್ತಿದ್ದವು. ಅಲ್ಲಿನ ಆರು ಮಂದಿ ಐದೈದು ನಿಮಿಷಕ್ಕೆ ಸೇವ್ ಮಾಡಿಟ್ಟಿದ್ದರಿಂದ ಬಿಟ್ಟಲ್ಲಿಂದಲೇ ಮುಂದುವರಿಸಿದರು. ಏಳನೆಯವರು, ಆ ಬುದ್ಧಿ ಹೇಳಿದವರು, ಒಂದು ಸಲವೂ ಸೇವ್ ಮಾಡಿರಲಿಲ್ಲ.

"ಐದೂ ಮುಗೀಲಿ, ಆಮ್ಯಾಲ ಒಮ್ಮೆಲೆ ಎತ್ತಿಡಾನು ಅಂತಿದ್ನಿರಿ," ಎಂದು ಓಬಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. "ಟೇಬಲ್ ಮ್ಯಾಲಿನ ಚಾಳಿ. ಅರ್ಧಾ ಕತ್ತರಿಸಿದ್ದು ಯಾರ್ ಎತ್ತಿಡ್ತಾರ?" ದೊಡ್ಡ ತ್ಯಾಗ ಮಾಡಿದಿರಿ ಎಂದರೆ ಮಾತ್ರ ಅವರಿಗೆ ಸಿಟ್ಟು. "ಎಂಥಾ ತ್ಯಾಗ್ರಿ? ಜನರೇಟರ್ ಹಾಕದಿದ್ರ ನನ್ ಮಷಿನ್ನೂ ಹತ್ತಾಂಗಿದ್ದಿಲ್ಲ."

ಪರದೆ ಬೆಳ್ಳಗೆ ಖಾಲಿ. ಉಳಿದದ್ದು ನಲವತ್ತೈದು ನಿಮಿಷ. ಒಂದೂಮುಕ್ಕಾಲು ತಾಸಿನಲ್ಲಿ ಮೂರೂವರೆ ಕ್ಲಾಸ್ ಬರೆದ ಎರಡು ಬೆರಳುಗಳು ಮುಕ್ಕಾಲು ತಾಸಿನಲ್ಲಿ ಐದು ಬರೆಯುವುದು ಸಾಧ್ಯವಿಲ್ಲ. ಎರಡೂ ಆಗದು. ಒಂದು ಆದೀತು.

ಒಂದು ಮಾತ್ರ ಬರೆಯುವುದಾದರೆ ಯಾವ ಅಳತೆಯದನ್ನು?

ಹೆಚ್ಚುಕಡಿಮೆ ಮೂರು ನಿಮಿಷ ಓಬಕ್ಕ ಕೈ ಕಟ್ಟಿ ಕುಳಿತಿದ್ದನ್ನು ಮೀನಾಕ್ಷಿ ಕಂಡಿದ್ದಾರೆ. ಮುಗಿಯಿತು, ಎದ್ದು ಹೋಗುತ್ತಾರೆ ಎಂದೇ ಭಾವಿಸಿದ್ದರಂತೆ. ಆದರೆ ಆ ಹೊತ್ತಿಗೆ ಓಬಕ್ಕನವರ ಮನಸ್ಸು ಯೂನಿಟ್ಟು ಬಿಟ್ಟು ತವರಿನ ಜಗಲಿಗೆ ಹೋಗಿತ್ತು. ಅಲ್ಲಿ ಅವರ ಅವ್ವ ಊರ ಹೆಂಗಸರಿಗೆಲ್ಲ ಕುಪ್ಪಸ ಹೊಲಿಯುತ್ತಿದ್ದಳು. ಅವಳ ಬಳಿ ರಟ್ಟೆಂಬುದೇ ಇರಲಿಲ್ಲ. ಕುಪ್ಪಸ ಹೊಲಿಯುವ ಬಗೆ ಒಂದೇ, ಅದು ತಲೆಯಲ್ಲಿತ್ತು. ಹೆಂಗಸು ಬಂದು ಎದುರು ನಿಂತ ಮೇಲೆ ಟೇಪು ಹಿಡಿಯುವುದು, ಅಳತೆ ಕೇಳುವುದು, ಆಮೇಲೆ ಕತ್ತರಿ.

"ಅಳತಿ ಹಿಂದಾಗಡೆ ಬರ್ತೈತಿ, ಬಗಿ ಮೊದಲ ಇರ್ತೈತಿ," ಎಂದು ಅವರು ಆ ಕ್ಷಣವನ್ನು ವಿವರಿಸುತ್ತಾರೆ. "ನಾ ಅಳತೀನ ಬಗಿಯೊಳಗ ಹಾಕಿ ಹೊಲಿದುಬಿಡ್ತಿದ್ದೆ ನೋಡ್ರಿ."

ವಸ್ತು ಹುಟ್ಟುವಾಗ ಅದರ ಅಳತೆಯನ್ನು ಕೇಳಿ ಪಡೆಯುವ ಸಾಲುಗಳಿಗೆ ಜಾವಾದಲ್ಲಿ ಕನ್‌ಸ್ಟ್ರಕ್ಟರ್ ಎಂದು ಹೆಸರು. ಓಬಕ್ಕನವರ ನೋಟ್‌ಬುಕ್ಕಿನಲ್ಲಿ ಆ ಪದಕ್ಕೆ ಎರಡು ಪುಟವಿದೆ. ಬಾಯಿಪಾಠವಾಗಿದ್ದ ಆ ಎರಡು ಪುಟ ಅಂದು ಮೊದಲ ಬಾರಿಗೆ ಕೈಗೆ ಇಳಿಯಿತು. ಒಂದೇ ಕ್ಲಾಸ್ ಬರೆದರು. ಎತ್ತರ, ಅಗಲ ಎರಡನ್ನೂ ತೆರವು ಬಿಟ್ಟರು. ಅದರ ಕೆಳಗೆ ಐದು ಸಾಲು, ಐದು ಟ್ಯಾಂಕಿನ ಅಳತೆ. ಹನ್ನೆರಡು ಐವತ್ತಕ್ಕೆ ಸೇವ್ ಮಾಡಿ ಓಡಿಸಿದರು. ಐದು ಉತ್ತರ ಬಂದವು.

ಮೌಖಿಕ ಪರೀಕ್ಷೆಗೆ ಸಿದ್ದರಾಮೇಶ್ ಹದಿನೇಳನೆಯದರ ಬಳಿ ಬಂದಾಗ ಗಂಟೆ ಒಂದೂಕಾಲು. ಕುರ್ಚಿ ಎಳೆದುಕೊಂಡು ಪರದೆ ನೋಡಿದರು.

"ಒಂದೇ ಕ್ಲಾಸ್ ಬರ್ದಿದ್ದೀಯ. ಐದು ಟ್ಯಾಂಕ್ ಎಲ್ಲಮ್ಮ?"

"ಐದೂ ಕೆಳಗ ಅದಾವ್ರಿ ಸಾರ್. ಹುಟ್ಟೋವಾಗ ಅಳತಿ ಕೊಟ್ಟೀನಿ."

"ನಾಳೆ ಆರನೇದು ಬಂತು ಅನ್ಕ. ಏನ್ ಮಾಡ್ತೀಯ?"

"ಒಂದು ಸಾಲು ಬರೀತೀನ್ರಿ."

"ನೂರು ಬಂದ್ರೆ?"

"ನೂರು ಸಾಲು... ಇಲ್ರಿ, ಲೂಪ್ ಹಾಕ್ತೀನ್ರಿ."

"ಸರಿ. ಐದು ಕ್ಲಾಸ್ ಬರೀದೆ ಒಂದೇ ಯಾಕ್ ಬರ್ದೆ? ಕಾರಣ ಹೇಳು."

ಪುಸ್ತಕದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಇಂಗ್ಲಿಷಿನಲ್ಲಿ, ಆರು ಅಂಶ, ಕ್ರಮವಾಗಿ. ಆದರೆ ಓಬಕ್ಕನವರ ಬಾಯಿಂದ ನಿಜವೇ ಬಂತು.

"ಟೈಮ್ ಇರ್ಲಿಲ್ರಿ ಸಾರ್."

ಮೀನಾಕ್ಷಿ ಕಣ್ಣು ಮುಚ್ಚಿಕೊಂಡರು. ಸಿದ್ದರಾಮೇಶ್ ಬಸ್ಸಿನ ಆಯಾಸವೆಲ್ಲ ಕಳಚಿ ಬೀಳುವ ಹಾಗೆ ನಕ್ಕರು.

"ಟೈಮ್ ಇಲ್ಲ ಅಂತ್ಲೇ ಇದನ್ನ ಕಂಡಿಡ್ದಿದ್ದು ಕಣಮ್ಮ. ಹದ್ನಾರ್ ವರ್ಸದಿಂದ ಪಾಠ ಮಾಡ್ತಿವ್ನಿ, ಒಬ್ರಾದ್ರೂ ಹಿಂಗ್ ಹೇಳಿಲ್ಲ." ಹಾಗೆಂದವರೇ ಪೆನ್ನಿನ ತುದಿಯಿಂದ ಪರದೆ ತಟ್ಟಿದರು. "ನಗ್ಬೇಡ, ನಗ್ಬೇಡ. ಇಲ್ಲಿ ನೋಡು. ಅಗಲದ ಅರ್ಧ ತಕಂಡು ಎರಡ್ ಸಲ ಗುಣಿಸ್ಬೇಕು, ನೀನು ಒಂದೇ ಸಲ ಗುಣ್ಸಿದ್ದೀಯ. ಐದು ಉತ್ತರಾನೂ ತಪ್ಪು. ನಿನ್ನ ಟ್ಯಾಂಕ್‌ನಾಗೆ ನೀರೇ ನಿಲ್ಲಲ್ಲ!"

ಹಿಂದಿನ ಎರಡು ಸಲ ಉತ್ತರ ಸರಿಯಿತ್ತು, ಫೇಲಾಗಿದ್ದರು. ಈ ಸಲ ಐದು ಉತ್ತರವೂ ತಪ್ಪು. ಆ ಮಧ್ಯಾಹ್ನ ಓಬಕ್ಕ ಮನೆಗೆ ಹೋದರು. ಕೇಳಿದ್ದಕ್ಕೆ, "ಬರ್ದೀನಿ," ಎಂದಷ್ಟೇ ಹೇಳಿದರು. ದುರುಗಕ್ಕ ಅಂದು ಚೇಷ್ಟೆಯ ಮಾತು ಆಡಲಿಲ್ಲ. ಅದೇ ಹೆಚ್ಚು ಹೆದರಿಕೆ ತಂದಿತಂತೆ.

ಐವತ್ತಮೂರು ದಿನ. ಆ ಐವತ್ತಮೂರು ದಿನವೂ ಓಬಕ್ಕ ಐದೂಮುಕ್ಕಾಲಿಗೆ ಲ್ಯಾಬು ತೆರೆದರು. ರಟ್ಟಿನ ಮಾತಿದ್ದ ಬಲಪುಟದ ಕನ್ನಡವನ್ನು ಹೊಡೆದುಹಾಕಿ ಮತ್ತೆ ಬರೆದರು. ಹಳೆಯ ಜೆರಾಕ್ಸ್ ಇಟ್ಟುಕೊಂಡವರನ್ನು ಹುಡುಕಿ ಹುಡುಕಿ, "ಅದನ್ನ ಹರೀರಿ, ನಾ ತಪ್ಪು ಬರ್ದಿದ್ದೆ," ಎಂದು ಹೊಸದನ್ನು ಕೊಟ್ಟರು. ಫಲಿತಾಂಶ ಬಂದದ್ದು ಜೂನ್ ಎರಡನೇ ವಾರ. ಐವತ್ತಕ್ಕೆ ಇಪ್ಪತ್ತೇಳು. ಪಾಸಾಗಲು ಬೇಕಾದದ್ದು ಇಪ್ಪತ್ತು. ತಪ್ಪು ಲೆಕ್ಕಕ್ಕೆ ಪರೀಕ್ಷಕರು ಕರುಣೆಯಿಲ್ಲದೆ ಅಂಕ ಕತ್ತರಿಸಿದ್ದರು. ವಿನ್ಯಾಸಕ್ಕೆ ಪೂರ್ತಿ ಕೊಟ್ಟಿದ್ದರು.

ಜುಲೈ ಒಂದರಂದು ಲ್ಯಾಬ್ ಅಸಿಸ್ಟೆಂಟ್ ಆಗಿ ಸಹಿ ಹಾಕಿದ ಓಬಕ್ಕ ಮರುದಿನ ಬೆಳಗ್ಗೆಯೂ ನೆಲ ಒರೆಸಿದರು. ಹೊಸ ಅಟೆಂಡರ್ ಇನ್ನೂ ಬಂದಿಲ್ಲ. ಬಂದರೂ ಒಂದು ತಿಂಗಳು ಜೊತೆಯಲ್ಲಿ ನಿಂತು ಕಲಿಸುವುದಾಗಿ ಅವರೇ ಹೇಳಿದ್ದಾರೆ.

ಅವರು ಒಪ್ಪದೆ ಇರುವುದು ಒಂದಕ್ಕೆ ಮಾತ್ರ. ಇನ್ನು ಮುಂದೆ ಎಲ್ಲರೂ ಅವರನ್ನು ಮೇಡಂ ಎಂದೇ ಕರೆಯಬೇಕೆಂದು ಪ್ರಿನ್ಸಿಪಾಲರು ಪ್ರಾರ್ಥನೆಯ ಹೊತ್ತಿನಲ್ಲಿ ಹೇಳಿದರು. ಮಕ್ಕಳು ಕರೆದರು. ಆ ವಾರವಿಡೀ ಲ್ಯಾಬಿನಲ್ಲಿ ಯಾರೂ ಏನನ್ನೂ ಕೇಳಲಿಲ್ಲ. ಬೆಳಗಿನ ಆರೂವರೆಯ ಮೌನಿಕಾ ಕೂಡ ಪರದೆ ದಿಟ್ಟಿಸಿಕೊಂಡು ಅರ್ಧ ತಾಸು ಸುಮ್ಮನೆ ಕುಳಿತಿದ್ದಳು. ಸೋಮವಾರ ಓಬಕ್ಕ ನೇರ ಪ್ರಿನ್ಸಿಪಾಲರ ಕೋಣೆಗೆ ಹೋದರು. ಹುದ್ದೆ ಸಿಕ್ಕ ಮೇಲೆ ಅವರು ಇಟ್ಟ ಮೊದಲ ಬೇಡಿಕೆ ಅದು. ಇದುವರೆಗೆ ಕೊನೆಯದೂ ಹೌದು.

"ಮೇಡಂ ಅಂದ್ರ ಹುಡುಗ್ರು ಕೇಳಾಕ ಅಂಜ್ತಾರ್ರಿ ಸಾರ್," ಎಂದರು. "ಓಬಕ್ಕ ಅಂದ್ರ ಅಂಜಾಂಗಿಲ್ಲ. ಬೋರ್ಡಿನ ಮ್ಯಾಲ ನಿಮಗ ಬೇಕಾದ್ದು ಬರೆಸ್ರಿ. ಕೂಗೋ ಹೆಸರು ಮಾತ್ರ ನಂದ ಇರ್ಲಿ."